ಇಲ್ಲೇ ಇದ್ದೆ, ಕೆಳಗೆ

ಅಕ್ಕ ಸತ್ತ ಮೇಲೂ ಆ ವಾಸನೆ ಹೋಗಲಿಲ್ಲ.

ಚೂಟಿಗೆ ಅದು ಎಲ್ಲೆಲ್ಲೂ ಬಡಿಯುತ್ತಿತ್ತು. ಸೋಪಿನ ನೊರೆಯಲ್ಲಿ. ಬಾಯ್ಲರಿನ ಹಬೆಯಲ್ಲಿ. ಆಗಷ್ಟೇ ಇಸ್ತ್ರಿ ಮಾಡಿ ಮಡಚಿಟ್ಟ ಬಿಸಿ ಬಟ್ಟೆಯಲ್ಲಿ. ಹಳೇ ರಕ್ತ, ಕೊಳೆತ ಮಾಂಸ ಎರಡೂ ಸೇರಿದ ವಾಸನೆ. ಪಕ್ಕದಲ್ಲಿ ನಿಂತವಳನ್ನು ಕೇಳುತ್ತಿದ್ದಳು.

"ನಿಂಗೇನಾದ್ರೂ ವಾಸ್ನೆ ಬರ್ತಿದ್ಯಾ?"

"ಇಲ್ಲಿ ಬರೋದೆಲ್ಲಾ ವಾಸ್ನೇನೇ ಕಣೆ. ಯಾವುದು ಅಂತ ಹೇಳಲಿ?" ಅನ್ನುತ್ತಿದ್ದಳು ಗಟ್ಟಿಬಾಯಿ. ಅವಳಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಕೆಲಸ ಮಾಡಿಸುವ ಮೇಸ್ತ್ರಿ ಒಂದು ಅಂದರೆ ಎರಡು ಅನ್ನುವ ಮುದುಕಿ.

ಅದು ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆ. ಬಟ್ಟೆ ಒಗೆಯುವ ಜಾಗ. ಮೇಲಿನ ವಾರ್ಡುಗಳಿಂದ ಕೊಳೆ ಬಟ್ಟೆಯ ಗಂಟುಗಳು ಗೋಡೆಯೊಳಗಿನ ಒಂದು ಕೊಳವೆಯಲ್ಲಿ ಜಾರಿ ಧೊಪ್ಪನೆ ಕೆಳಗೆ ಬೀಳುತ್ತಿದ್ದವು. ಹೆಂಗಸರು ಅವನ್ನು ಬಿಚ್ಚಿ ಬೇರೆ ಮಾಡಬೇಕು. ರಕ್ತದ್ದು ಒಂದು ಕಡೆ, ಕೀವಿನದು ಒಂದು ಕಡೆ, ಹೇಲಿನದು ಒಂದು ಕಡೆ. ಕೆಲವೊಮ್ಮೆ ಗಂಟಿನಲ್ಲಿ ಸೂಜಿ ಇರುತ್ತಿತ್ತು. ಚುಚ್ಚಿದರೆ ಕೈ ತೊಳೆದುಕೊಂಡು ಮುಂದಿನ ಗಂಟು. ನೆನೆದ ಚಾದರ ಹೆಣದಷ್ಟು ಭಾರ. ಇಬ್ಬರು ಎರಡು ತುದಿ ಹಿಡಿದು ಎಳೆದು ಹಿಂಡಬೇಕು. ಸಂಜೆಯಾಗುವಷ್ಟರಲ್ಲಿ ಹೆಗಲ ಕೀಲು ತನ್ನದಲ್ಲ ಅನ್ನಿಸುತ್ತಿತ್ತು.

ಚೂಟಿಯನ್ನು ಈ ಕೆಲಸಕ್ಕೆ ಸೇರಿಸಿದವಳು ಅಕ್ಕನೇ. ಚಾದರದ ಇನ್ನೊಂದು ತುದಿ ಹಿಡಿಯುತ್ತಿದ್ದವಳೂ ಅಕ್ಕನೇ. "ರಕ್ತಕ್ಕೆ ಬಿಸಿನೀರು ಹಾಕಬೇಡ ಕಣೆ, ಕಲೆ ಕಚ್ಕೊಂಡ್ಬಿಡುತ್ತೆ. ಮೊದಲು ತಣ್ಣೀರು," ಎಂದು ಹೇಳಿಕೊಟ್ಟಿದ್ದಳು. ಊರವರ ರಕ್ತವನ್ನೆಲ್ಲ ಅಲ್ಲಿ ರಾಜಾರೋಷವಾಗಿ ಒಗೆದಳು. ತನ್ನ ರಕ್ತವನ್ನು ಮಾತ್ರ ಕದ್ದು ಒಗೆದಳು.

ಮೊದಲು ಗಂಡನ ಜೊತೆ ಮಲಗಿದ ಮೇಲೆ ಮಾತ್ರ ರಕ್ತ ಹೋಗುತ್ತಿತ್ತು. ಆಮೇಲೆ ಭಾರ ಎತ್ತಿದಾಗ. ಆಮೇಲೆ ಸುಮ್ಮನೆ ನಿಂತಾಗಲೂ. ಜೊತೆಗೆ ಬಿಳಿ ಹೋಗುವುದು, ಸೊಂಟ ಕತ್ತರಿಸುವ ನೋವು. ಅಕ್ಕ ಮೇಲೆ ಹೋಗಿ ದೊಡ್ಡ ನರ್ಸಮ್ಮನನ್ನು ಕೇಳಿದಳು. ನರ್ಸಮ್ಮ ತಲೆ ಎತ್ತಲಿಲ್ಲ.

"ಬಿಳಿ ಹೋಗೋದು ಯಾರಿಗಿಲ್ಲ? ಮೈ ಬಿಸಿ. ಮಾತ್ರೆ ತಗೋ."

ತಗೊಂಡಳು. ಮತ್ತೆ ಹೋದಳು. ಮತ್ತೆ ಮಾತ್ರೆ. ಅದೇ ಬಣ್ಣದ ಮಾತ್ರೆ, ಅದೇ ಮಾತು. ವರ್ಷಗಳು ಹೋದವು. ಮಲಗು, ನೋಡೋಣ ಎಂದು ಒಬ್ಬರೂ ಹೇಳಲಿಲ್ಲ. ಗುತ್ತಿಗೆ ಕೆಲಸದ ಹೆಂಗಸಿನ ಒಳಗೆ ಇಣುಕಿ ನೋಡುವಂಥದ್ದು ಏನಿರುತ್ತದೆ?

ಕೊನೆಗೆ ಒಂದು ದಿನ ಒಗೆಯುವ ತೊಟ್ಟಿಯ ಪಕ್ಕದಲ್ಲೇ ಬಿದ್ದಳು. ಕಾಲಿನ ನಡುವೆ ಹರಿದ ರಕ್ತ ಮೋರಿಯವರೆಗೆ ಹೋಗಿತ್ತು. ಆಗ ಎತ್ತಿಕೊಂಡು ಮೇಲೆ ಹೋದರು. ಆಗ ನೋಡಿದರು. ದೊಡ್ಡ ಡಾಕ್ಟರು ಕೈಗವಸು ಕಿತ್ತು ಬುಟ್ಟಿಗೆ ಎಸೆದು ಬೈದರು.

"ಗರ್ಭಕೋಶದ ಬಾಯಿ ಪೂರ್ತಿ ಕ್ಯಾನ್ಸರ್ ಆಗಿದೆ. ಇಷ್ಟು ದಿನ ಎಲ್ಲಿದ್ದೆ ನೀನು?"

"ಇಲ್ಲೇ ಇದ್ದೆ ಸಾರ್," ಅಂದಳು ಅಕ್ಕ. "ಕೆಳಗೆ."

ಡಾಕ್ಟರಿಗೆ ಅದು ಕೇಳಿಸಲಿಲ್ಲ. ಚೂಟಿಗೆ ಕೇಳಿಸಿತು.

ಅಕ್ಕನ ಗಂಡ ಲಾರಿ ಡ್ರೈವರು. ಅರ್ಧ ತಿಂಗಳು ರಸ್ತೆಯ ಮೇಲೆ, ಅರ್ಧ ತಿಂಗಳು ಮನೆಯಲ್ಲಿ. ಆ ಕಾಯಿಲೆ ಗಂಡು ಹೆಣ್ಣಿನ ಸಂಗದಿಂದ ಬರುತ್ತದಂತೆ ಎಂದು ಯಾರೋ ಅವನ ಕಿವಿಗೆ ಹಾಕಿದರು. ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಬೇಗ ಓಡುತ್ತದೆ. ಭಾವ ಅಕ್ಕನ ಹಾಸಿಗೆಯ ಪಕ್ಕ ಬಂದು ನಿಂತು ಕೇಳಿದ್ದು ಒಂದೇ ಮಾತು.

"ಯಾರ ಹತ್ರ ಹೋಗಿ ತಂದೆ ಇದನ್ನ?"

ಆಸ್ಪತ್ರೆಯವರು ಕೈಬಿಟ್ಟು ಮನೆಗೆ ಕಳಿಸಿದರು. ಅಲ್ಲಿ ಅವಳ ತಟ್ಟೆ ಲೋಟ ಬೇರೆಯಾದವು. ವಾಸನೆ ತಡೆಯಲಾಗುವುದಿಲ್ಲ ಎಂದು ಅತ್ತೆ ಅವಳನ್ನು ಹಿತ್ತಿಲ ತಗಡಿನ ಕೋಣೆಗೆ ಸಾಗಿಸಿದಳು. ಸೌದೆ, ಹಳೇ ಟೈರು ಇಡುವ ಕೋಣೆ. ಬೀದಿಯ ಹೆಂಗಸರು ಬಂದು ಬಾಗಿಲಲ್ಲೇ ನಿಂತು, ಮೂಗಿಗೆ ಬಟ್ಟೆ ಹಿಡಿದು, ಪಾಪ ಪಾಪ ಎಂದು ಹೋಗುತ್ತಿದ್ದರು. ಆಚೆ ಹೋಗಿ ಬೇರೆಯೇ ಆಡಿಕೊಳ್ಳುತ್ತಿದ್ದರು.

ಚೂಟಿ ದಿನಾ ಕೆಲಸ ಮುಗಿಸಿ ಅಲ್ಲಿಗೆ ಓಡುತ್ತಿದ್ದಳು. ಮೈ ಒರೆಸುತ್ತಿದ್ದಳು. ಅಡಿಯ ಬಟ್ಟೆ ಬದಲಿಸುತ್ತಿದ್ದಳು. ಅಕ್ಕ ಒಣಗಿ ಕಡ್ಡಿಯಾಗಿದ್ದಳು. ನೋವು ಜಾಸ್ತಿಯಾದಾಗ ಚೂಟಿಯ ಮಣಿಕಟ್ಟು ಹಿಡಿದು ಒಂದೇ ಮಾತು ಹೇಳುತ್ತಿದ್ದಳು.

"ನಾನು ಯಾರ ಹತ್ರಾನೂ ಹೋಗಿಲ್ಲ ಕಣೆ."

"ನಂಗೊತ್ತಿಲ್ವಾ ಅಕ್ಕ. ಸುಮ್ನಿರು."

"ನೀನು ಹೇಳೇ ಅವರಿಗೆ. ನಾನು ಯಾರ ಹತ್ರಾನೂ ಹೋಗಿಲ್ಲ."

ಅದನ್ನೇ ಹೇಳುತ್ತ ಹೇಳುತ್ತ ಸತ್ತಳು. ನೀರು ಕೇಳಲಿಲ್ಲ. ಯಾರ ಮುಖವನ್ನೂ ನೋಡಬೇಕು ಅನ್ನಲಿಲ್ಲ. ವರ್ಷ ತುಂಬುವ ಮೊದಲೇ ಭಾವ ಇನ್ನೊಂದು ಮದುವೆಯಾದ. ಹುಡುಗಿಗೆ ಇಪ್ಪತ್ತು ದಾಟಿತ್ತೋ ಇಲ್ಲವೋ.

ನೆಲಮಾಳಿಗೆಯಲ್ಲಿ ಒಗೆಯುವ ಯಂತ್ರ ತಿರುಗುವಾಗ ಅದರ ಸದ್ದಿನಲ್ಲಿ ಆ ಮಾತು ಕೇಳಿಸುತ್ತಿತ್ತು. ಹೋಗಿಲ್ಲ, ಹೋಗಿಲ್ಲ, ಹೋಗಿಲ್ಲ. ಚೂಟಿ ಎಷ್ಟೋ ಸಲ ಚಾದರದ ಒಂದು ತುದಿ ಹಿಡಿದು, ಇನ್ನೊಂದು ತುದಿಯಲ್ಲಿ ಅಕ್ಕ ಇದ್ದಾಳೆಂದೇ ಎಳೆಯುತ್ತಿದ್ದಳು. ಹಬೆ ಸರಿದಾಗ ಅಲ್ಲಿ ಯಾರೂ ಇರುತ್ತಿರಲಿಲ್ಲ. ಚಾದರ ನೆಲಕ್ಕೆ ಬಿದ್ದಿರುತ್ತಿತ್ತು. ಮೇಸ್ತ್ರಿ ಬೈಯುತ್ತಿದ್ದ.

ಆಮೇಲೆ ವಾಸನೆ ತನ್ನ ಮೈಯಿಂದಲೇ ಬರುತ್ತಿದೆ ಅನ್ನಿಸತೊಡಗಿತು. ಎರಡೆರಡು ಸಲ ಸ್ನಾನ ಮಾಡಿದಳು. ಚರ್ಮ ಕಿತ್ತುಬರುವ ಹಾಗೆ ಉಜ್ಜಿದಳು. ಒಳಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಏನೂ ಇರಲಿಲ್ಲ. ಆದರೂ ವಾಸನೆ. ಗಂಡ ಹತ್ತಿರ ಬಂದರೆ ಗೋಡೆ ಕಡೆ ತಿರುಗಿದಳು. ಅವನು ಗಾರೆ ಕೆಲಸದವನು, ಮಾತು ಕಮ್ಮಿ.

"ಯಾಕೆ?" ಅಂದ.

"ವಾಸ್ನೆ ಬರಲ್ವಾ ನಿಂಗೆ?"

"ಸೋಪಿನ ವಾಸ್ನೆ ಬರುತ್ತೆ. ಮದುವೆ ಆದಾಗಿಂದ್ಲೂ ನಿನ್ನ ಮೈಗೆ ಅದೇ ವಾಸ್ನೆ."

ಅವನು ಮುನಿಸಿಕೊಳ್ಳಲಿಲ್ಲ. ಆದರೆ ಅವಳಿಗೆ ನಂಬಿಕೆ ಬರಲಿಲ್ಲ.

ಹೀಗಿರುವಾಗ ಆಸ್ಪತ್ರೆಯಲ್ಲಿ ಒಂದು ಕಾರ್ಯಕ್ರಮ ಬಂತು. ಹೆಂಗಸರ ಕ್ಯಾನ್ಸರ್ ತಪಾಸಣೆ. ಬಾಗಿಲಿಗೆ ಬಟ್ಟೆಯ ಫಲಕ ಕಟ್ಟಿದರು. ಅತಿಥಿಗಳು ಬರುತ್ತಾರೆ, ಫೋಟೋ ತೆಗೆಯುತ್ತಾರೆ ಎಂದು ಕೆಳಗಿನವರಿಗೆ ಹೊಸ ಚಾದರ ಕೊಟ್ಟು, ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿಸಿದರು. ತಪಾಸಣೆ ಸಿಬ್ಬಂದಿಗೆ, ಸಿಬ್ಬಂದಿಯ ಮನೆಯ ಹೆಂಗಸರಿಗೆ. ಒಗೆಯುವವರು ಸಿಬ್ಬಂದಿಯಲ್ಲ. ಗುತ್ತಿಗೆಯವರು.

"ನಾವು ಹೆಂಗಸರೂ ಅಲ್ವೇನೋ," ಅಂದಳು ಗಟ್ಟಿಬಾಯಿ. "ಮೇಸ್ತ್ರೀ, ನೋಡಿ ಹೇಳಪ್ಪ, ನಾವೇನು ಅಂತ."

"ಬಾಯಿ ಮುಚ್ಕೊಂಡು ಚಾದರ ಹೊತ್ಕೊಂಡು ಹೋಗು ಮುದುಕಿ," ಅಂದ ಮೇಸ್ತ್ರಿ.

ಮೇಲಿನ ಕೋಣೆಯಲ್ಲಿ ಕಬ್ಬಿಣದ ಎತ್ತರದ ಮಂಚ. ಕಾಲಿಡಲು ಎರಡು ಕಡೆ ಕೊಂಡಿ. ಸುತ್ತ ಹಸಿರು ಪರದೆ. ಚೂಟಿಯ ಕೆಲಸ ಇಷ್ಟೇ. ಒಬ್ಬರು ಎದ್ದ ಮೇಲೆ ಚಾದರ ತೆಗೆದು ಇನ್ನೊಂದು ಹಾಸುವುದು. ನರ್ಸಮ್ಮ ಹೆಸರು ಕರೆಯುತ್ತಿದ್ದಳು. ಒಳಗೆ ಹೊಸದಾಗಿ ಬಂದಿದ್ದ ಒಬ್ಬ ಡಾಕ್ಟರಮ್ಮ, ವಯಸ್ಸು ಚಿಕ್ಕದು, ಕಣ್ಣು ಬಾಡಿತ್ತು. ಒಬ್ಬೊಬ್ಬರೂ ಮಲಗುತ್ತಿದ್ದರು, ಕೆಲ ನಿಮಿಷ, ಎದ್ದು ಹೋಗುತ್ತಿದ್ದರು. ಗುಮಾಸ್ತನ ಹೆಂಡತಿ ಬಂದಳು. ಔಷಧಿ ಅಂಗಡಿಯವನ ತಂಗಿ ಬಂದಳು. ಎಷ್ಟು ಸುಲಭ ಇತ್ತು ಅದು! ಚೂಟಿ ನೋಡುತ್ತ ನಿಂತಳು. ಒಂದು ಮಂಚ, ಒಂದು ದೀಪ, ಒಬ್ಬಳು ಬಗ್ಗಿ ನೋಡಿದರೆ ಮುಗಿಯಿತು. ಇಷ್ಟಕ್ಕೆ ಅಕ್ಕ ಸತ್ತಳು. ಇಷ್ಟೇ ಇಷ್ಟಕ್ಕೆ.

ವಾಸನೆ ಗಪ್ಪೆಂದು ಬಂತು. ಈ ಸಲ ಅಕ್ಕ ಬೆನ್ನ ಹಿಂದೆಯೇ ನಿಂತ ಹಾಗೆ.

ಚೂಟಿ ಚಾದರ ಕೊಡವಿ ಹಾಸಿದಳು. ಮೂಲೆ ಸರಿ ಮಾಡಿದಳು. ಆಮೇಲೆ ಮಂಚ ಹತ್ತಿ ಅದರ ಮೇಲೆ ತಾನೇ ಮಲಗಿದಳು.

ನರ್ಸಮ್ಮ ಪರದೆ ಸರಿಸಿ ಒಳಗೆ ಬಂದವಳು ಹೌಹಾರಿದಳು.

"ಏಯ್! ಏನೇ ಇದು? ಇಳಿ ಕೆಳಗೆ!"

"ಇಳಿಯಲ್ಲ."

"ಹಾಸೋದು ನಿನ್ನ ಕೆಲಸ. ಮಲಗೋದಲ್ಲ."

"ಹಾಸಿದ್ದೂ ನಾನೇ. ಒಗೆದಿದ್ದೂ ನಾನೇ. ಒಳಗೆ ನೋಡಿ."

"ತಲೆ ಕೆಟ್ಟಿದ್ಯಾ? ಹೊರಗೆ ದೊಡ್ಡವರೆಲ್ಲ ಕೂತಿದಾರೆ. ಮರ್ಯಾದೆಯಾಗಿ ಇಳಿ."

"ನಮ್ಮಕ್ಕ ಮರ್ಯಾದೆಯಾಗೇ ಇದ್ಲು. ನಿಮ್ಮ ಹತ್ರ ಬಂದು ಬಂದು ಮಾತ್ರೆ ತಗೊಂಡ್ಲು. ಒಂದು ಸಲ ನೋಡಿದ್ರಾ? ಮಲಗು ಅಂದ್ರಾ? ನನ್ನ ನೋಡಿ ಈಗ."

ನರ್ಸಮ್ಮನ ಮುಖ ಕಪ್ಪಿಟ್ಟಿತು. ಕಾವಲುಗಾರನನ್ನು ಕೂಗಿದಳು. ಅವನು ಓಡಿ ಬಂದ. "ಇವಳನ್ನ ಎತ್ತಿ ಆಚೆ ಹಾಕು," ಅಂದಳು. ಅವನು ಒಂದು ಹೆಜ್ಜೆ ಮುಂದೆ ಇಟ್ಟ. ಚೂಟಿ ಎರಡೂ ಕಾಲು ಕೊಂಡಿಗೆ ಏರಿಸಿ, ಬಟ್ಟೆಯನ್ನು ಮಂಡಿಯ ಮೇಲಕ್ಕೆ ಎಳೆದಳು.

"ಬಾ. ಎತ್ತು. ಎಲ್ಲಿ ಹಿಡಿದು ಎತ್ತುತ್ತೀಯೋ ಎತ್ತು."

ಅವನು ಮುಖ ಆ ಕಡೆ ತಿರುಗಿಸಿ ಹೊರಗೆ ಹೋದ. ಪರದೆಯ ಆಚೆ ಅತಿಥಿಗಳಲ್ಲಿ ಯಾರೋ ಕೆಮ್ಮಿದರು. ಈಗ ಇಳಿದರೆ ಮತ್ತೆ ಹತ್ತುವುದು ಹೆಣವಾದ ಮೇಲೆಯೇ ಎಂದು ಚೂಟಿಗೆ ಗೊತ್ತಿತ್ತು. ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

ಡಾಕ್ಟರಮ್ಮ ಹೊಸ ಕೈಗವಸು ಎಳೆದುಕೊಂಡಳು.

"ದೀಪ ಇತ್ತ ತಿರುಗಿಸಿ ಸಿಸ್ಟರ್."

"ಮೇಡಂ, ಇವಳು ಪಟ್ಟಿಯಲ್ಲಿಲ್ಲ..."

"ಮಂಚದ ಮೇಲಿದ್ದಾಳಲ್ಲ. ತಿರುಗಿಸಿ."

ತಣ್ಣನೆಯ ಉಪಕರಣ ಒಳಗೆ ಹೋಯಿತು. ಹತ್ತಿಯಲ್ಲಿ ಏನನ್ನೋ ಅದ್ದಿ ಹಚ್ಚಿದರು. ಸ್ವಲ್ಪ ಉರಿಯಿತು. ಡಾಕ್ಟರಮ್ಮ ಕಾದಳು, ಬಗ್ಗಿ ನೋಡಿದಳು, ಮತ್ತೆ ನೋಡಿದಳು. ಚೂಟಿ ಛಾವಣಿ ನೋಡುತ್ತ ಕೇಳಿದಳು.

"ವಾಸ್ನೆ ಇದ್ಯಾ?"

"ಇಲ್ಲಮ್ಮ. ಯಾವ ವಾಸ್ನೇನೂ ಇಲ್ಲ."

"ನಿಜ ಹೇಳಿ."

"ನಿಜಾನೇ ಹೇಳ್ತಿದೀನಿ. ವಾಸ್ನೆ ಇಲ್ಲ. ಆದರೆ ಬಿಳಿ ಮಚ್ಚೆ ಇದೆ."

ಆವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಡಾಕ್ಟರಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು. ಅದೊಂದು ವೈರಸ್ಸು. ಎಚ್‌ಪಿವಿ ಅನ್ನುತ್ತಾರೆ. ಗಂಡು ಹೆಣ್ಣು ಕೂಡಿದಾಗ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಬರುತ್ತದೆ. ಹೆಚ್ಚುಕಮ್ಮಿ ಎಲ್ಲರಿಗೂ ಯಾವತ್ತೋ ಒಮ್ಮೆ ಬಂದಿರುತ್ತದೆ.

"ನನಗೂ ಬಂದಿರಬಹುದು," ಅಂದಳು. "ಬಹಳ ಜನಕ್ಕೆ ತಾನೇ ಬಂದು ತಾನೇ ಹೋಗಿಬಿಡುತ್ತೆ. ಗೊತ್ತೂ ಆಗಲ್ಲ. ಕೆಲವರಲ್ಲಿ ಹೋಗಲ್ಲ. ಗರ್ಭಕೋಶದ ಬಾಯಲ್ಲಿ ಬೀಡು ಬಿಟ್ಟುಬಿಡುತ್ತೆ. ಅಲ್ಲಿನ ಚರ್ಮ ಬೆಳೆಯೋ ರೀತೀನೇ ಕೆಡಿಸುತ್ತೆ, ನಿಧಾನಕ್ಕೆ. ಹತ್ತು ವರ್ಷ, ಹದಿನೈದು ವರ್ಷ. ಅಷ್ಟು ದಿನ ನೋವಿಲ್ಲ, ರಕ್ತ ಇಲ್ಲ, ವಾಸ್ನೆ ಇಲ್ಲ. ನಿನಗೆ ಈಗ ಇರೋದು ಅದು. ಕ್ಯಾನ್ಸರ್ ಅಲ್ಲ. ಬಿಟ್ಟರೆ ಮುಂದೆ ಆಗಬಹುದು. ಈಗಲೇ ಸುಟ್ಟು ತೆಗೆದುಬಿಡಬಹುದು."

"ವಾಸ್ನೆ ಬರೋ ಹೊತ್ತಿಗೆ?"

"ಬರೋ ಹೊತ್ತಿಗೆ ಸಾಮಾನ್ಯವಾಗಿ ಕಾಲ ಮಿಂಚಿರುತ್ತೆ."

ಚೂಟಿ ಕೈ ನೋಡಿಕೊಂಡಳು. ಸೋಡಾ ಪುಡಿಗೆ ಬಿರಿದ ಕೈ.

"ನಮ್ಮಕ್ಕ ಗಂಡನ್ನ ಬಿಟ್ಟು ಬೇರೆ ಯಾರ ಹತ್ರಾನೂ ಹೋದವಳಲ್ಲ ಮೇಡಂ."

"ಹೋಗಬೇಕಾಗಿಲ್ಲಮ್ಮ. ಮದುವೆ ಆಗಿದ್ರೆ ಸಾಕು."

"ಅಂದ್ರೆ ಭಾವಾನೇ..."

"ಯಾರಿಂದ ಬಂತು ಅಂತ ಯಾರೂ ಹೇಳಕ್ಕಾಗಲ್ಲ. ಗಂಡಸಿನ ಮೈಯಲ್ಲಿ ಇದ್ದರೂ ಬಹಳ ಸಲ ಅವನಿಗೇ ಗೊತ್ತಿರಲ್ಲ. ಯಾರದ್ದೂ ತಪ್ಪಲ್ಲ ಅದು. ನೋಡದೇ ಬಿಟ್ಟಿದ್ದು ತಪ್ಪು."

ಚೂಟಿ ಅಳಲಿಲ್ಲ. ಅಕ್ಕ ಸಾಯುವವರೆಗೂ ಹೇಳಿದ್ದಕ್ಕೆ ಉತ್ತರ ಇಷ್ಟೇ ಆಗಿತ್ತು. ಮದುವೆ ಆಗಿದ್ದರೆ ಸಾಕು. ಇದನ್ನು ಆ ತಗಡಿನ ಕೋಣೆಯಲ್ಲಿ ಯಾರಾದರೂ ಬಂದು ಹೇಳಿದ್ದರೆ ಅವಳು ಬದುಕುತ್ತಿರಲಿಲ್ಲ, ನಿಜ. ಆದರೆ ಆ ಮಾತನ್ನು ಹೇಳಿಕೊಂಡು ಸಾಯುತ್ತಿರಲಿಲ್ಲ.

ಕೆಳಗೆ ಬಂದರೆ ಮೇಸ್ತ್ರಿ ಕಾದು ನಿಂತಿದ್ದ. "ನಾಳೆಯಿಂದ ನೀನು ಬರಬೇಡ."

ಚೂಟಿ ಚೀಲ ತಗೊಂಡು ಹೊರಟಳು. ಅವಳು ಹೋದ ಮೇಲೆ ಏನಾಯಿತು ಎಂಬುದನ್ನು ಮಾರನೇ ದಿನ ಗಟ್ಟಿಬಾಯಿಯೇ ಬಂದು ಹೇಳಿದಳು. ಅವಳು ಕೊಳವೆಯ ಬಾಯಿಯ ಮುಂದೆ ಕಾಲು ಚಾಚಿ ಕೂತುಬಿಟ್ಟಳಂತೆ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯಾ? ಅವಳಿಲ್ಲದೆ ಒಂದು ಗಂಟೂ ಬಿಚ್ಚಲ್ಲ," ಅಂದಳಂತೆ. ಉಳಿದವರೂ ಕೂತರು. ಮೇಲಿನಿಂದ ಗಂಟುಗಳು ಬೀಳುತ್ತಲೇ ಇದ್ದವು. ಕೆಳಗಿನ ಬಾಯಿ ತುಂಬಿತು. ಆಮೇಲೆ ಕೊಳವೆ ತುಂಬಿತು. ರಕ್ತ, ಕೀವು, ಹೇಲು ಗೋಡೆಯೊಳಗೆ ಮಹಡಿ ಮಹಡಿ ಏರಿ, ಸೆಕೆಗೆ ಹುದುಗಿ, ವಾರ್ಡುಗಳ ಬಾಗಿಲು ತಲುಪಿತು. ಮೇಲಿನವರಿಗೆ ಮೊದಲನೇ ಸಲ ವಾಸನೆ ಬಂತು.

ಆ ವಾರವೇ ಚೂಟಿಯನ್ನು ವಾಪಸ್ ಕರೆದರು. ಒಗೆಯುವ ಹೆಂಗಸರೆಲ್ಲರನ್ನೂ ತಪಾಸಣೆ ಮಾಡಲು ಒಪ್ಪಿದರು. ಒಪ್ಪಿದ್ದು ಕರುಣೆಯಿಂದಲ್ಲ, ಚಾದರ ಇಲ್ಲದ್ದರಿಂದ.

ಚೂಟಿಯ ಮಚ್ಚೆ ಸುಟ್ಟು ತೆಗೆದರು. ಹೊಟ್ಟೆ ಹಿಂಡಿದ ಹಾಗಾಯಿತು, ಅಷ್ಟೇ. ಮತ್ತೆ ಬಂದು ತೋರಿಸಬೇಕು, ಬಿಡಬಾರದು ಎಂದರು. ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಅವನು ಬಹಳ ಹೊತ್ತು ಕಾಲ ಹೆಬ್ಬೆರಳಿನ ಸಿಮೆಂಟು ಕೆರೆಯುತ್ತ ಕೂತಿದ್ದ.

"ನನ್ನಿಂದಾನಾ?"

"ಗೊತ್ತಾಗಲ್ವಂತೆ."

ಅವನು ಎದ್ದು ಅವಳಿಗೆ ನೀರು ಕಾಯಿಸಿದ. ಅದಕ್ಕಿಂತ ಹೆಚ್ಚು ಅವನಿಗೆ ಬರುತ್ತಿರಲಿಲ್ಲ.

ಗಟ್ಟಿಬಾಯಿ ತನ್ನ ಸರದಿ ಬಂದಾಗ ಮಂಚ ಹತ್ತಿ ಡಾಕ್ಟರಮ್ಮನಿಗೆ ಹೇಳಿದ್ದಳು, "ಗಂಡ ಸತ್ತಾಗಿಂದ ಬೀಗ ಹಾಕಿದ ಮನೆ ಕಣವ್ವ. ಜೇಡ ಗೀಡ ಕಂಡ್ರೆ ಹೆದರಬೇಡ." ಎಲ್ಲರೂ ನಕ್ಕಿದ್ದರು. ಡಾಕ್ಟರಮ್ಮ ಬಗ್ಗಿ ನೋಡಿದವಳು ನಗಲಿಲ್ಲ. ಬೀಗ ಹಾಕುವ ಮೊದಲೇ ಒಳಗೆ ಬಂದು ಕೂತಿದ್ದದ್ದು ಇಷ್ಟು ವರ್ಷ ಅಲ್ಲೇ ಬೆಳೆದು ಕ್ಯಾನ್ಸರ್ ಆಗಿತ್ತು. ಕರೆಂಟು ಕೊಡಿಸಲು, ಅಂದರೆ ವಿಕಿರಣ ಚಿಕಿತ್ಸೆಗೆ, ಚೂಟಿ ದಿನಾ ಕರೆದುಕೊಂಡು ಹೋಗುವಾಗ ಗಟ್ಟಿಬಾಯಿಯ ಬಾಯಿ ಮೆತ್ತಗಾಗಿತ್ತು. "ನನ್ನ ಮೊಮ್ಮಗಳಿಗೆ ಸೂಜಿ ಹಾಕಿಸೇ," ಅಂದಳು. "ಚಿಕ್ಕ ಹುಡುಗೀರಿಗೆ ಮೊದಲೇ ಹಾಕಿದ್ರೆ ಇದು ಬರದ ಹಾಗೆ ತಡೆಯುತ್ತಂತಲ್ಲ. ಮೇಲಿನವರ ಮಕ್ಕಳಿಗೆಲ್ಲ ಹಾಕಿಸಿದಾರಂತೆ. ನಮಗೆ ಹೇಳಿದವರು ಯಾರು?"

ಚೂಟಿ ಆ ಮೊಮ್ಮಗಳಿಗೆ ಸೂಜಿ ಹಾಕಿಸಿದಳು. ಹಾಕಿಸಿ ಬರುವ ದಾರಿಯಲ್ಲಿ ನಿಂತಳು. ಭಾವನ ಹೊಸ ಹೆಂಡತಿಯ ನೆನಪು ಬಂತು. ಅಕ್ಕ ಮಲಗಿದ್ದ ಹಾಸಿಗೆಯಲ್ಲಿ ಈಗ ಆ ಹುಡುಗಿ. ಏನೂ ಗೊತ್ತಿಲ್ಲದೆ. ಹತ್ತು ವರ್ಷ, ಹದಿನೈದು ವರ್ಷ. ನೋವಿಲ್ಲ, ರಕ್ತ ಇಲ್ಲ.

ಮುಂದಿನ ರಜೆಯ ದಿನ ಬೆಳಿಗ್ಗೆ ಆ ಮನೆಯ ಬಾಗಿಲಿಗೆ ಹೋದಳು. ಅಕ್ಕನ ಅತ್ತೆ ಹೊಸ್ತಿಲಲ್ಲೇ ತಡೆದಳು.

"ಏನಿದೆ ನಿಂಗಿಲ್ಲಿ? ನಿಮ್ಮಕ್ಕನ ಸಾಮಾನು ಯಾವುದೂ ಉಳಿದಿಲ್ಲ. ಎಲ್ಲಾ ಸುಟ್ಟಿದೀವಿ."

"ಸಾಮಾನಿಗೆ ಬಂದಿಲ್ಲ ಅತ್ತೆ. ನಿಮ್ಮ ಸೊಸೆ ಹತ್ರ ಮಾತಾಡಬೇಕು."

ಹುಡುಗಿ ಅಂಗಳದ ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು. ತಲೆ ಎತ್ತಿ ನೋಡಿದಳು. ಹಿತ್ತಿಲ ತಗಡಿನ ಕೋಣೆಗೆ ಸುಣ್ಣ ಹೊಡೆದಿದ್ದರು. ಒಳಗೆ ಮತ್ತೆ ಟೈರು ಪೇರಿಸಿತ್ತು. ಚೂಟಿ ಅತ್ತ ನೋಡಲಾರದೆ ಮುಖ ತಿರುಗಿಸಿದಳು.

ಭಾವ ಲುಂಗಿ ಕಟ್ಟಿಕೊಳ್ಳುತ್ತ ಎದ್ದು ಬಂದ.

"ಸತ್ತವಳ ರೋಗ ನನ್ನ ಮನೆ ಬಾಗಿಲಿಗೆ ತರಬೇಡ. ಹೋಗು."

"ತರಕ್ಕೆ ಬಂದಿಲ್ಲ ಭಾವ. ಇಲ್ಲೇ ಇರಬಹುದು ಅಂತ ಹೇಳಕ್ಕೆ ಬಂದೆ."

"ಏನಂದೆ?"

"ಅದು ಗಂಡಸಿನ ಮೈಯಲ್ಲೂ ಇರುತ್ತೆ. ಗೊತ್ತಾಗಲ್ಲ. ಅಕ್ಕನಿಗೆ ಎಲ್ಲಿಂದ ಬಂತು ಅಂತ ಕೇಳಿದ್ಯಲ್ಲ. ನೀನು ಒಂದು ದಿನಾನಾದ್ರೂ ನಿನ್ನ ಕೇಳ್ಕೊಂಡ್ಯಾ?"

ಅವನು ಅವಳ ಭುಜಕ್ಕೆ ಕೈ ಹಾಕಿ ನೂಕಿದ. ಚೂಟಿ ಮೆಟ್ಟಿಲ ಕೆಳಗೆ ಮೊಣಕೈ ಊರಿ ಬಿದ್ದಳು. ಅತ್ತೆ "ಸೂಳೆ ವಂಶ" ಅಂದಳು. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಮೂಗಿಗೆ ಬಟ್ಟೆ ಹಿಡಿದು ಬಂದಿದ್ದ ಅವೇ ಹೆಂಗಸರು.

ಚೂಟಿ ಎದ್ದಳು. ಮೊಣಕೈ ಸುಲಿದಿತ್ತು. ಭಾವನನ್ನು ನೋಡಲಿಲ್ಲ. ನಲ್ಲಿಯ ಕಡೆ ನೋಡಿ ಹೇಳಿದಳು.

"ನೋಡಮ್ಮ, ನಿಂಗೆ ಏನೂ ಆಗಿಲ್ಲದೇ ಇರಬಹುದು. ಆದರೂ ವಯಸ್ಸಾಗ್ತಾ ಹೋದ ಹಾಗೆ ಡಾಕ್ಟರಿಗೆ ತೋರಿಸ್ಕೋಬೇಕು, ಬಿಡಬಾರದು. ಯಾವಾಗ, ಹೇಗೆ, ಎಲ್ಲಾ ಡಾಕ್ಟರಮ್ಮ ಹೇಳ್ತಾಳೆ. ನನ್ನ ಜೊತೆ ಬಾ, ಕೇಳ್ಕೊಂಡು ಬರೋಣ. ಬರಲ್ಲ ಅಂದ್ರೆ ನಾನು ಮುಂದಿನ ರಜೆಗೆ ಮತ್ತೆ ಬರ್ತೀನಿ. ಅದರ ಮುಂದಿನ ರಜೆಗೂ ಬರ್ತೀನಿ."

ಹುಡುಗಿ ಗಂಡನನ್ನು ನೋಡಿದಳು. ಅತ್ತೆಯನ್ನು ನೋಡಿದಳು. ಕೈಯ ಬೂದಿ ತೊಳೆದುಕೊಂಡಳು. ಗೋಡೆಯ ಪಕ್ಕದ ಚಪ್ಪಲಿಗೆ ಕಾಲು ತೂರಿಸಿದಳು.

"ಹೊಸ್ತಿಲು ದಾಟಿದ್ರೆ ವಾಪಸ್ ಬರಬೇಡ," ಅಂದ ಭಾವ.

"ಪಾತ್ರೆ ಅರ್ಧ ತೊಳೆದಿದೆ. ಬಂದು ತೊಳೀತೀನಿ," ಅಂದಳು ಹುಡುಗಿ. ಹೊಸ್ತಿಲು ದಾಟಿದಳು.

ಇಬ್ಬರೂ ಬೀದಿಯಲ್ಲಿ ನಡೆದರು. ಎರಡೂ ಕಡೆ ಬಾಗಿಲುಗಳಲ್ಲಿ ಜನ. ಹುಡುಗಿ ತಲೆ ತಗ್ಗಿಸಿ, ಚೂಟಿಗೆ ಮಾತ್ರ ಕೇಳುವ ಹಾಗೆ ಪಿಸುಗುಟ್ಟಿದಳು.

"ಅವರು ಯಾವುದರಿಂದ ಸತ್ರು ಅಂತ ಆ ಮನೇಲಿ ಕೇಳಿದ್ರೆ ಹೊಡೀತಾರೆ. ಏನಾಗಿತ್ತು ಅವರಿಗೆ? ಮೆತ್ತಗೆ ಹೇಳಿ."

ಚೂಟಿ ಹೇಳತೊಡಗಿದಳು. ಗರ್ಭಕೋಶದ ಬಾಯಿ ಅಂದಳು. ಅಲ್ಲಿ ಬಂದು ಕೂರುವ ವೈರಸ್ಸಿನ ಹೆಸರು ಹೇಳಿದಳು. ಅದು ಹೇಗೆ ಬರುತ್ತದೆ, ಯಾರಿಗೆಲ್ಲ ಬರುತ್ತದೆ, ಯಾರು ನೋಡಲಿಲ್ಲ, ಎಲ್ಲಿ ಮಲಗಿಸಿದರು, ಒಂದನ್ನೂ ಬಿಡದೆ ಹೇಳಿದಳು. ಮೊದಲ ಬಾಗಿಲಿನ ಹೆಂಗಸು ಮುಖ ಒಳಗೆ ಎಳೆದುಕೊಂಡಳು. ಎರಡನೇ ಬಾಗಿಲಿನವಳು ನಿಂತು ಕೇಳಿದಳು. ಬೀದಿ ಮುಗಿಯುವವರೆಗೂ ಚೂಟಿ ದನಿ ತಗ್ಗಿಸಲಿಲ್ಲ.